ಫಿಲ್ಮು ತೊಳೆಯುವ ನೀರು

ಜೇಬಿನ ಫೋನಿನಲ್ಲಿಯೇ ಚಿತ್ರ ತೆಗೆಯುವ ಈ ಕಾಲದಲ್ಲಿಯೂ ಮನೆಯ ಕತ್ತಲೆಕೋಣೆಯಲ್ಲಿ ಕಪ್ಪುಬಿಳುಪಿನ ಫಿಲ್ಮನ್ನು ಸಂಸ್ಕರಿಸುವ ಹವ್ಯಾಸಿಗಳು ಕೆಲವರಿರುವರು. ಅವರು ಮೊದಲು ಕೇಳುವುದು ನೀರಿನ ವಿಚಾರವನ್ನೇ: “ಮೇಷ್ಟ್ರೇ, ಭಟ್ಟಿಯಿಳಿಸಿದ ನೀರೇ ಆಗಬೇಕೆ? ನಲ್ಲಿಯ ನೀರು ಸಾಲದೆ?”

ಆಕಾಶದಿಂದ ಬೀಳುವ ನೀರೆಲ್ಲವೂ ಒಂದೇ ಬಗೆಯದು, ದೇಶಕಾಲಗಳಿಗೆ ತಕ್ಕಂತೆ ಬೇರೆಬೇರೆ ಗುಣಗಳನ್ನು ತಾಳುವುದು ಎಂದು ಚರಕಸಂಹಿತೆಯು ಹೇಳುತ್ತದೆ. ಕೊಳವೆಬಾವಿಯನ್ನು ನಂಬಿರುವ ಬಯಲುಸೀಮೆಯವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ; ಸ್ನಾನದ ಹಂಡೆಯ ತಳದಲ್ಲಿ ಕಟ್ಟಿದ ಬಿಳಿಯ ಹಕ್ಕಳೆಯೇ ಸಾಕ್ಷಿ.

ಪ್ರಸಿದ್ಧವಾದ ಡಿ-76 ಡೆವಲಪರನ್ನು ತೆಗೆದುಕೊಳ್ಳೋಣ. ಲೀಟರಿಗೆ ಮೆಟೋಲ್ 2 ಗ್ರಾಂ, ಸೋಡಿಯಂ ಸಲ್ಫೈಟು 100, ಹೈಡ್ರೋಕ್ವಿನೋನ್ 5, ಬೊರಾಕ್ಸು 2. ಇಷ್ಟು ಸಲ್ಫೈಟು ಗಡಸು ನೀರಿನ ಸುಣ್ಣದೊಡನೆ ಕೂಡಿದರೆ ಬಿಳಿಯ ಗಸಿಯು ಇಳಿಯಬಹುದು. ವಿಟಮಿನ್ ಸಿ ಸೇರಿದ ಡೆವಲಪರುಗಳ ಪಾಡು ಇನ್ನೂ ಸೂಕ್ಷ್ಮ: ನೀರಿನ ಕಬ್ಬಿಣ, ತಾಮ್ರಗಳ ಲೇಶವೂ ಅವುಗಳ ಶಕ್ತಿಯನ್ನು ಬೇಗ ಕುಂದಿಸುವುದು. ಆದುದರಿಂದ ಡೆವಲಪರಿಗೆ ಭಟ್ಟಿಯ ನೀರೇ ಮೇಲು. ಹೈಪೊವಿಗೂ ಅನಂತರದ ತೊಳೆತಕ್ಕೂ ಶುಭ್ರವಾದ ನಲ್ಲಿಯ ನೀರು ಧಾರಾಳವಾಗಿ ಸಾಕು. ಅಲ್ಲಿ ಭಟ್ಟಿಯ ನೀರನ್ನು ಸುರಿಯುವುದು ಬರಿಯ ದುಂದು.

ಕಡೆಯ ಜಾಲಾಟದಲ್ಲಿ ಮಾತ್ರ ಜಿಪುಣತನ ಕೂಡದು. ಒಣಗುವಾಗ ನೀರು ಆರಿಹೋಗಿ, ಅದರಲ್ಲಿ ಕರಗಿದ್ದ ಲವಣವು ಹನಿ ನಿಂತ ಕಡೆ ಉಳಿಯುವುದು. ನೆಗೆಟಿವಿನ ಮೇಲಿನ ಆ ಕಲೆಯು ಬೆಳಕನ್ನು ತಡೆಯುವುದರಿಂದ ಅಚ್ಚಿನಲ್ಲಿ ಬಿಳಿಯ ಚುಕ್ಕೆಯಾಗಿ ಕಾಣುವುದು. ಮರವೊಂದರ ಮೇಲೆ ಬಿದ್ದರೆ ಹೇಗೋ ಸಹಿಸಬಹುದು. ಈಗ ನಮ್ಮೊಡನಿಲ್ಲದ ಅಜ್ಜಿಯ ಕಟ್ಟಕಡೆಯ ಚಿತ್ರದಲ್ಲಿ, ಕಣ್ಣಿನ ಮೇಲೆಯೇ ವಿಭೂತಿ ಸಿಡಿದಂತೆ ಬಿದ್ದರೆ ಏನು ಮಾಡುವುದು? ಮತ್ತೊಮ್ಮೆ ಕುಳ್ಳಿರಿಸಿ ತೆಗೆಯುವಂತಿಲ್ಲ. ಅರ್ಧ ಲೀಟರು ಭಟ್ಟಿಯ ನೀರಿಗೆ ಫೋಟೊ-ಫ್ಲೊ 200 ಎಂಬ ದ್ರವವನ್ನು ಎರಡೂವರೆ ಮಿಲಿಲೀಟರು ಬೆರಸಿ, ಫಿಲ್ಮನ್ನು ಅರ್ಧ ನಿಮಿಷ ಅದ್ದಿ, ಧೂಳಿಲ್ಲದ ಕಡೆ ತೂಗಬಿಡತಕ್ಕದ್ದು. ನೀರು ಹನಿಯಾಗಿ ನಿಲ್ಲದೆ ಹಾಳೆಯಂತೆ ಜಾರಿಹೋಗುವುದು. ಕಲೆ ಆಗಲೇ ಬಿದ್ದಿದ್ದರೆ ನೂರಕ್ಕೆ ಒಂದೆರಡು ಪಾಲಿನ ಅಸೆಟಿಕ್ ಆಮ್ಲದಲ್ಲಿ ಕೆಲವು ನಿಮಿಷ ನೆನೆಸಿ, ಮರಳಿ ತೊಳೆದು ನೋಡಬಹುದು. ಸುಣ್ಣದ ಕಲೆಯಾದರೆ ಕರಗೀತು. ಜೆಲಟಿನ್ನೇ ಏರುಪೇರಾಗಿ ಒಣಗಿದ್ದರೆ ಹೋಗದು.

ಈ ನೀರನ್ನು ತರುವುದೆಲ್ಲಿಂದ? ಮನೆಯ ಆರ್.ಓ. ಯಂತ್ರದ ನೀರು ಭಟ್ಟಿಯದಕ್ಕೆ ಸಮವಲ್ಲವಾದರೂ ಬಹುಮಟ್ಟಿಗೆ ಒದಗುವುದು. ಕುದಿಸಿ ಸೋಸಿದ ನೀರಿನಲ್ಲಿ ಗಡಸು ಒಂದಷ್ಟು ಇಳಿಯುವುದೇ ಹೊರತು ಪೂರ್ಣವಾಗಿ ಹೋಗದು. ಹವಾನಿಯಂತ್ರಕದಿಂದ ತೊಟ್ಟಿಕ್ಕುವ ನೀರು ನೋಟಕ್ಕೆ ಭಟ್ಟಿಯದರಂತಿದ್ದರೂ ಧೂಳನ್ನೂ ಲೋಹದ ಅಂಶವನ್ನೂ ಹೊತ್ತಿರುವುದು, ಅದು ಬೇಡ. ಬ್ಯಾಟರಿಗೆ ಹಾಕುವ ನೀರು ಸುಲಭವಾಗಿ ಸಿಗುವುದು. ಆದರೆ ಅದನ್ನು ಮಾರುವ ಅಂಗಡಿಯಲ್ಲಿ ಬ್ಯಾಟರಿಯ ಆಮ್ಲವೂ ಇರಬಹುದು, ಅದು ಗಂಧಕಾಮ್ಲ. ಚೀಟಿಯನ್ನು ಓದಿಯೇ ಕೊಳ್ಳಬೇಕು. ಮನೆಗೆ ತಂದ ಮೇಲೆ ಯಾವ ದ್ರಾವಣವನ್ನೂ ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡದೆ, ಹೆಸರು ಬರೆದು, ಮಕ್ಕಳ ಕೈಗೆಟುಕದ ಎತ್ತರದಲ್ಲಿ ಇಡಬೇಕು.