ಹಿತ್ತಿಲ ಕೈತೋಟ: ಪುರವಾಸಿಗಳ ಒಂದು ಕರ್ತವ್ಯ

೨೦೨೩ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಟೊಮೇಟೊ ಹಣ್ಣಿನ ಬೆಲೆಯು ಕಿಲೋ ಒಂದಕ್ಕೆ ೧೦೦ ರೂಪಾಯಿಗಳನ್ನು ಮೀರಿದಾಗ ನಮ್ಮ ಪಟ್ಟಣಗಳಲ್ಲಿ ಎದ್ದ ಗದ್ದಲವನ್ನು ವಾಚಕರು ಮರೆತಿರಲಾರರು. ಅನೇಕರ ಮನೆಯ ಸಾರಿನಲ್ಲಿ ಹುಣಸೆಹಣ್ಣು ತನ್ನ ಹಳೆಯ ಅಧಿಕಾರವನ್ನು ಮರಳಿ ಪಡೆಯಿತು. ಆದರೆ ಅದೇ ಹಣ್ಣು ಬೇರೆ ವರ್ಷಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ರಸ್ತೆಯ ಪಕ್ಕದಲ್ಲಿ ಸುರಿಯಲ್ಪಟ್ಟಾಗ ಪಟ್ಟಣದಲ್ಲಿ ಅಂಥ ಗದ್ದಲವೇನೂ ಏಳಲಿಲ್ಲ. ಉಣ್ಣುವವನಿಗೂ ಬೆಳೆಯುವವನಿಗೂ ನಡುವೆ ಎಷ್ಟು ಅಂತರ ಬಿದ್ದಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ಈ ಅಂತರವನ್ನು ಸ್ವಲ್ಪಮಟ್ಟಿಗಾದರೂ ಕಡಮೆ ಮಾಡುವ ಸಾಧನವೊಂದು ನಮ್ಮ ಮನೆಗಳ ಹಿಂದೆಯೇ ಪಾಳು ಬಿದ್ದಿದೆ. ಅದೇ ಹಿತ್ತಿಲು.

ಇದು ಹೊಸ ಮಾತಲ್ಲ. ೧೯೪೩ರಲ್ಲಿ ಬಂಗಾಳವು ಘೋರ ಕ್ಷಾಮಕ್ಕೆ ತುತ್ತಾದ ಕಾಲದಲ್ಲಿ ಹೆಚ್ಚು ಆಹಾರ ಬೆಳೆಯಿರೆಂಬ ಚಳವಳಿಯು ದೇಶದಲ್ಲೆಲ್ಲ ನಡೆಯಿತು. ೧೯೪೬ರಲ್ಲಿ ಮತ್ತೆ ಅನ್ನದ ಅಭಾವ ತಲೆದೋರಿದಾಗ, ಹೂದೋಟಗಳಲ್ಲಿಯೂ ಆಹಾರವನ್ನೇ ಬೆಳೆಯಬೇಕೆಂದು ಮಹಾತ್ಮಾ ಗಾಂಧಿಯವರು ಸೂಚಿಸಿದರು. ಅಂದಿನ ಕ್ಷಾಮಭಯವು ಇಂದಿಲ್ಲ; ಉಗ್ರಾಣಗಳು ಧಾನ್ಯದಿಂದ ತುಂಬಿವೆ. ಆದರೆ ಹೊಟ್ಟೆ ತುಂಬುವುದೇ ಪೋಷಣೆಯಲ್ಲ. ಹಣ್ಣು ತರಕಾರಿಗಳೆರಡೂ ಸೇರಿ ಒಬ್ಬ ಮನುಷ್ಯನಿಗೆ ದಿನಕ್ಕೆ ೪೦೦ ಗ್ರಾಂ ಆದರೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ನಾಲ್ವರ ಸಂಸಾರಕ್ಕೆ ಇದು ದಿನಕ್ಕೆ ಒಂದೂವರೆ ಕಿಲೋವಿಗಿಂತ ಮೇಲಾಯಿತು. ತಿಂಗಳ ಸಂಬಳದಲ್ಲಿ ಜೀವಿಸುವ ಎಷ್ಟು ಮನೆಗಳಲ್ಲಿ ಇಷ್ಟು ಸಲ್ಲುತ್ತಿದೆಯೆಂಬುದನ್ನು ವಾಚಕರೇ ಲೆಕ್ಕ ಹಾಕಿ ನೋಡಬಹುದು.

ಸ್ಥಳವಿಲ್ಲ, ಸಮಯವಿಲ್ಲ, ನೀರಿಲ್ಲ ಎಂಬ ಮೂರು ಆಕ್ಷೇಪಣೆಗಳನ್ನು ನಾವು ಬಲ್ಲೆವು. ಅನೇಕ ವರ್ಷಗಳ ಕಾಲ ನಾವೂ ಅವನ್ನೇ ಹೇಳಿಕೊಂಡು ಬಂದವರು. ಕೊನೆಗೊಮ್ಮೆ ಉತ್ಸಾಹ ಹುಟ್ಟಿ, ನೆರೆಮನೆಯ ಮಾವಿನ ಮರದ ನೆರಳಿನಲ್ಲಿ ಬದನೆಯನ್ನು ನೆಟ್ಟೆವು. ಗಿಡಗಳು ಎತ್ತರಕ್ಕೆ ಬೆಳೆದುವೇ ಹೊರತು ಕಾಯಿ ಬಿಡಲಿಲ್ಲ. ತಂದ ಮೂಲಂಗಿಯ ಬೀಜವನ್ನೆಲ್ಲ ಒಂದೇ ದಿನ ಬಿತ್ತಿದೆವು. ಒಂದು ವಾರ ನೆರೆಹೊರೆಗೆಲ್ಲ ಮೂಲಂಗಿ ಹಂಚಿ, ಮರುವಾರದಿಂದ ಪುನಃ ಸಂತೆಗೆ ಹೋದೆವು. ಈ ಸೋಲುಗಳಿಂದ ಎರಡು ಪಾಠಗಳನ್ನು ಕಲಿತೆವು. ದಿನಕ್ಕೆ ಐದಾರು ಗಂಟೆಗಳ ಬಿಸಿಲಿಲ್ಲದ ಕಡೆ ಕಾಯಿಪಲ್ಲೆಯ ಆಸೆಯನ್ನು ಬಿಡತಕ್ಕದ್ದು. ಬೀಜವನ್ನು ಹದಿನೈದು ದಿನಗಳಿಗೊಮ್ಮೆ ಸ್ವಲ್ಪಸ್ವಲ್ಪವಾಗಿ ಬಿತ್ತತಕ್ಕದ್ದು.

ಹತ್ತಡಿ ಉದ್ದ, ಹತ್ತಡಿ ಅಗಲದ ಸ್ಥಳವಿದ್ದರೆ ಆರಂಭಕ್ಕೆ ಸಾಕು. ಮಧ್ಯದಲ್ಲಿ ಕಾಲುದಾರಿಯನ್ನು ಬಿಟ್ಟು, ಎರಡು ಕಡೆಯಿಂದಲೂ ಕೈಗೆ ಎಟಕುವಂತೆ ಮಡಿಗಳನ್ನು ಮಾಡಬೇಕು. ಒಂದಡಿ ಆಳ ಅಗೆದು, ಕಲ್ಲು ಗರಿಕೆಗಳನ್ನು ಆಯ್ದು, ಚೆನ್ನಾಗಿ ಕಳಿತ ಗೊಬ್ಬರವನ್ನು ಬೆರೆಸಬೇಕು. ಹಸಿ ಸಗಣಿಯು ಬೇರನ್ನು ಸುಡುವುದಲ್ಲದೆ ಗೊಣ್ಣೆಹುಳುವನ್ನು ತರುತ್ತದೆ. ಗೊಬ್ಬರಕ್ಕಾಗಿ ಎಲ್ಲಿಗೂ ಹೋಗಬೇಕಾಗಿಲ್ಲ. ತರಕಾರಿಯ ಸಿಪ್ಪೆ, ಒಣಗಿದ ಎಲೆ, ಒಂದು ಪದರ ಮಣ್ಣು, ಹೀಗೆ ಒಂದರ ಮೇಲೊಂದು ಹಾಕಿ ಆಗಾಗ ತಿರುವಿದರೆ ಎರಡು ಮೂರು ತಿಂಗಳುಗಳಲ್ಲಿ ಕಪ್ಪು ಗೊಬ್ಬರವಾಗುವುದು. ಪಟ್ಟಣದ ಕಸವನ್ನು ಗುಂಡಿಗಳಲ್ಲಿ ಕೊಳೆಯಿಸಿ ಗೊಬ್ಬರ ಮಾಡುವ ಕ್ರಮವೊಂದನ್ನು ೧೯೩೯ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರ್ ಸಿ. ಎನ್. ಆಚಾರ್ಯರು ರೂಪಿಸಿದರು, ಅದು ಇಂದಿಗೂ ಬೆಂಗಳೂರು ಪದ್ಧತಿಯೆಂದೇ ಹೆಸರಾಗಿದೆ. ಅಂಥ ಊರಿನಲ್ಲಿ ಕಸವು ಬೀದಿಯ ಮೂಲೆಯಲ್ಲಿ ನಾರುತ್ತಿರುವುದು ನಾಚಿಕೆಗೇಡು.

ಮೊದಲು ಸೊಪ್ಪು, ಆಮೇಲೆ ಕಾಯಿ ಎಂಬುದು ಹೊಸಬರಿಗೆ ನಮ್ಮ ಸಲಹೆ. ದಂಟು, ಮೆಂತ್ಯ, ಹರಿವೆಗಳು ಇಪ್ಪತ್ತೈದು ಮೂವತ್ತು ದಿನಗಳಲ್ಲಿ ಅಡಿಗೆಮನೆಗೆ ಬರುತ್ತವೆ. ಈ ಸಣ್ಣ ಬೀಜಗಳನ್ನು ಮರಳಿನೊಡನೆ ಬೆರೆಸಿ ಎರಚಿದರೆ ಒತ್ತಾಗಿ ಬೀಳುವುದಿಲ್ಲ. ಬೆಂಡೆಯ ಬೀಜವನ್ನು ರಾತ್ರಿ ನೆನೆಯಿಟ್ಟು ಬೆಳಗ್ಗೆ ನೆಡಬೇಕು; ಸುಮಾರು ಐವತ್ತು ದಿನಗಳಲ್ಲಿ ಕಾಯಿ ಬರುತ್ತದೆ, ಆಮೇಲೆ ದಿನ ಬಿಟ್ಟು ದಿನ ಕೊಯ್ಯದಿದ್ದರೆ ನಾರಾಗುತ್ತದೆ. ಎಲೆಯ ನರಗಳು ಹಳದಿಯಾಗುವ ರೋಗವು ಬೆಂಡೆಗೆ ದೊಡ್ಡ ಶತ್ರು. ಅದನ್ನು ತಡೆದುಕೊಳ್ಳುವ ಅರ್ಕಾ ಅನಾಮಿಕಾ ಎಂಬ ತಳಿಯನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಒದಗಿಸಿದ್ದಾರೆ. ಹೀರೆ, ಪಡವಲ, ಹಾಗಲಗಳನ್ನು ಮುಂಗಾರಿನಲ್ಲಿ ಚಪ್ಪರಕ್ಕೆ ಹಬ್ಬಿಸಬೇಕು. ನವಿಲುಕೋಸು, ಮೂಲಂಗಿ, ಗಜ್ಜರಿಗಳು ಚಳಿಗಾಲದವು. ಮೂಲೆಯಲ್ಲೊಂದು ನುಗ್ಗೆ, ಒಂದು ಕರಿಬೇವು ಇದ್ದರೆ ಮನೆಯಾಕೆಯು ಬರಿಗೈಯಾಗುವ ದಿನವೇ ಬಾರದು.

ಹೂವು ಬಿಟ್ಟರೂ ಕಾಯಿ ಕಚ್ಚಲಿಲ್ಲವೆಂಬ ದೂರು ಪಟ್ಟಣಗಳಲ್ಲಿ ಸಾಮಾನ್ಯವಾಗಿದೆ. ಕುಂಬಳದ ಜಾತಿಯ ಬಳ್ಳಿಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಬುಡದಲ್ಲಿ ಪುಟ್ಟ ಕಾಯಿಯನ್ನು ಹೊತ್ತಿರುವುದು ಹೆಣ್ಣು. ಜೇನ್ನೊಣಗಳು ಬಾರದ ಬೀದಿಯಲ್ಲಿ ಆ ಕೆಲಸವನ್ನು ನಾವೇ ಮಾಡಬೇಕು. ಗಂಡು ಹೂವನ್ನು ಕಿತ್ತು, ಎಸಳುಗಳನ್ನು ತೆಗೆದು, ಹೆಣ್ಣು ಹೂವಿಗೆ ಮೆಲ್ಲಗೆ ತಾಗಿಸಿದರಾಯಿತು. ಕುಂಬಳಕ್ಕೆ ಬೆಳಗಿನ ವೇಳೆ ಒಳ್ಳೆಯದು. ಹೀರೆಯ ಹೂವು ಸಂಜೆ ಅರಳುವುದರಿಂದ ಕಚೇರಿಯಿಂದ ಹಿಂದಿರುಗಿದ ಗೃಹಸ್ಥರಿಗೂ ಅನುಕೂಲವೇ.

ಇನ್ನು ನೀರಿನ ವಿಷಯ. ಇದನ್ನು ನಾವು ಹಗುರವಾಗಿ ಹೇಳಲಾರೆವು. ೨೦೨೪ನೆಯ ಮಾರ್ಚಿಯಲ್ಲಿ ಬೆಂಗಳೂರು ಜಲಮಂಡಲಿಯು ಕುಡಿಯುವ ನೀರನ್ನು ತೋಟಕ್ಕೆ ಬಳಸಕೂಡದೆಂದು ನಿಷೇಧಿಸಿ, ತಪ್ಪಿದವರಿಗೆ ೫,೦೦೦ ರೂಪಾಯಿಗಳ ದಂಡವನ್ನು ಗೊತ್ತುಮಾಡಿತು. ನೆರೆಯವನ ಕೊಡ ಬರಿದಾಗಿರುವಾಗ ನಮ್ಮ ಬದನೆಗೆ ನಲ್ಲಿಯ ನೀರು ಬಿಡುವುದು ಸ್ವಾವಲಂಬನವಲ್ಲ, ಸ್ವಾರ್ಥ. ಆದರೆ ಅಕ್ಕಿ ತೊಳೆದ ನೀರು, ಬೇಳೆ ತರಕಾರಿ ತೊಳೆದ ನೀರು ದಿನವೂ ಚರಂಡಿಗೆ ಹರಿಯುತ್ತಿವೆ. ಇವನ್ನು ಒಂದು ತೊಟ್ಟಿಯಲ್ಲಿ ಹಿಡಿದು ಅಂದೇ ಬುಡಕ್ಕೆ ಹಾಕಿ, ಒಣ ಎಲೆಗಳನ್ನು ಹೊದಿಸಿದರೆ ಎರಡು ಮೂರು ಮಡಿಗಳಿಗೆ ಸಾಲುತ್ತದೆ. ಸಾಬೂನು ಬೆರೆತ ಬಚ್ಚಲ ನೀರು ಸೊಪ್ಪಿಗೆ ಸಲ್ಲದು; ಅದು ಬಾಳೆಯ ಗುಂಡಿಗೆ ಹೋಗಲಿ. ನೀರು ಎಷ್ಟಿದೆಯೋ ತೋಟವೂ ಅಷ್ಟೇ ಇರಲಿ.

ಇಷ್ಟರಿಂದ ಸಂತೆಗೆ ಹೋಗುವ ಖರ್ಚೆಲ್ಲವೂ ಉಳಿಯುವುದೆಂದು ನಾವು ಹೇಳುವುದಿಲ್ಲ. ನೂರು ಚದರಡಿಯ ತೋಟವು ಸಂಸಾರಕ್ಕೆ ಸೊಪ್ಪನ್ನು ಕೊಟ್ಟೀತು, ವಾರಕ್ಕೆ ಒಂದೆರಡು ಹೊತ್ತಿನ ಕಾಯಿಯನ್ನು ಕೊಟ್ಟೀತು, ಅಷ್ಟೇ. ಆದರೆ ಅದು ಕೊಡುವ ಇನ್ನೊಂದು ಫಲವುಂಟು. ತಾನೇ ನೆಟ್ಟ ಹತ್ತು ಗಿಡಗಳಲ್ಲಿ ನಾಲ್ಕು ಹುಳುವಿಗೆ ಹೋದುದನ್ನು ಕಂಡ ಗುಮಾಸ್ತನು, ಬೆಳೆ ಹೋಯಿತೆಂದು ಬರೆದುಕೊಂಡ ರೈತನ ಅರ್ಜಿಯನ್ನು ಬೇರೆ ಕಣ್ಣಿನಿಂದ ಓದುವನು. ಸಂತೆಯಲ್ಲಿ ಮುದುಕಿಯೊಡನೆ ಒಂದು ಕಟ್ಟು ಸೊಪ್ಪಿಗಾಗಿ ಚೌಕಾಸಿ ಮಾಡುವ ನಾಲಗೆಯೂ ತುಸು ತಡವರಿಸುವುದು. ಸರಕಾರೀ ವಸತಿಗಳ ಸುತ್ತ, ಕಚೇರಿಗಳ ಹಿಂದೆ, ಶಾಲೆಗಳ ಬಯಲಿನಲ್ಲಿ ಎಷ್ಟೋ ನೆಲ ಪಾರ್ಥೇನಿಯಂ ಕಳೆಗೆ ಬಿಟ್ಟುಕೊಡಲ್ಪಟ್ಟಿದೆ. ಅಧಿಕಾರಿಗಳು ಮೊದಲು ತಮ್ಮ ಹಿತ್ತಿಲಿನಲ್ಲಿ ಗುದ್ದಲಿ ಹಿಡಿಯಲಿ; ಸುತ್ತೋಲೆಗಳನ್ನು ಆಮೇಲೆ ಹೊರಡಿಸಬಹುದು.