ನಿಮಗಿದು ಗೊತ್ತೆ? ಕ್ಯಾಂಪರ್ ಎಳೆಯಲು ಎರಡು ಬಗೆಯ ಕೊಂಡಿ

ಅಮೆರಿಕದಲ್ಲಿ ಅಡುಗೆಮನೆ, ಮಲಗುವ ಕೋಣೆಗಳಿರುವ ದೊಡ್ಡ ಕ್ಯಾಂಪರ್ ಟ್ರೇಲರ್‌ಗಳಲ್ಲಿ ಹಲವನ್ನು ಪಿಕಪ್ ಟ್ರಕ್ಕಿನ ಬಂಪರ್‌ಗೆ ಕಟ್ಟುವುದಿಲ್ಲ. ಸರಕು ತುಂಬುವ ತೊಟ್ಟಿಯೊಳಗೇ, ಹಿಂದಿನ ಆಕ್ಸೆಲ್‌ನ ನೇರಕ್ಕೆ ಅಥವಾ ತುಸು ಮುಂದೆ ಜೋಡಿಸುತ್ತಾರೆ. ಭಾರ ಆಕ್ಸೆಲ್ ಮೇಲೆ ಕೂರುವುದರಿಂದ ಟ್ರೇಲರ್ ಓಲಾಡುವುದು ಕಡಿಮೆ. ಈ ಜೋಡಣೆಗೆ ಎರಡು ಬಗೆಯ ಕೊಂಡಿಗಳಿವೆ.

ಗೂಸ್‌ನೆಕ್: ತೊಟ್ಟಿಯ ತಳದಲ್ಲಿ ಸಾಮಾನ್ಯವಾಗಿ 2 5/16 ಇಂಚಿನ (ಸುಮಾರು 59 ಮಿ.ಮೀ.) ಉಕ್ಕಿನ ಗುಂಡು ಇರುತ್ತದೆ. ಟ್ರೇಲರ್‌ನ ಕೊಳವೆಯಂಥ ಕತ್ತು ಇಳಿದು ಅದನ್ನು ಹಿಡಿಯುತ್ತದೆ. ಗುಂಡನ್ನು ತೆಗೆದರೆ ಇಡೀ ತೊಟ್ಟಿ ಸರಕಿಗೆ ಸಿಗುತ್ತದೆ. ಕುದುರೆ, ದನ, ಯಂತ್ರ ಸಾಗಿಸುವ ಟ್ರೇಲರ್‌ಗಳಲ್ಲಿ ಇದೇ ಹೆಚ್ಚು. ಸುರಕ್ಷತಾ ಸರಪಳಿಯನ್ನೂ ಬಿಗಿಯಬೇಕು.

ಫಿಫ್ತ್ ವೀಲ್: ಟ್ರೇಲರ್‌ನಿಂದ ಕೆಳಗೆ ಚಾಚಿದ 2 ಇಂಚು ದಪ್ಪದ ಕಿಂಗ್‌ಪಿನ್, ತೊಟ್ಟಿಯಲ್ಲಿ ಕೂರಿಸಿದ ಅಗಲವಾದ ತಟ್ಟೆಯ ಸೀಳಿಗೆ ಸರಿಯುತ್ತದೆ, ದವಡೆಯಂಥ ಹಿಡಿಕೆಗಳು ಅದನ್ನು ಕಚ್ಚಿಕೊಳ್ಳುತ್ತವೆ. ಕುಲುಕಾಟ, ಸದ್ದು ಕಡಿಮೆ. ಜೋಡಣೆ ಕಣ್ಣಿಗೆ ಕಾಣುವುದರಿಂದ ಹೊಂದಿಸುವುದೂ ಸುಲಭ. ಆದರೆ ಕೊಂಡಿ ಭಾರ, ತೊಟ್ಟಿಯ ಜಾಗವನ್ನೂ ನುಂಗುತ್ತದೆ. ಗಿಡ್ಡ ತೊಟ್ಟಿಯ ಟ್ರಕ್ಕಾದರೆ ತಿರುವಿನಲ್ಲಿ ಟ್ರೇಲರ್ ಕ್ಯಾಬಿನ್‌ಗೆ ತಾಗದಂತೆ ಹಿಂದೆ ಸರಿಯುವ ಕೊಂಡಿ ಬೇಕಾಗಬಹುದು.

ಯಾವುದು ಸೂಕ್ತ?: ಹೀಗೆ ತೊಟ್ಟಿಯಲ್ಲಿ ಜೋಡಿಸುವ ಕ್ಯಾಂಪರ್‌ಗಳಲ್ಲಿ ಹೆಚ್ಚಿನವು ಕಿಂಗ್‌ಪಿನ್ ಸಮೇತವೇ ಬರುತ್ತವೆ, ಅವುಗಳಿಗೆ ಫಿಫ್ತ್ ವೀಲ್ ಸಹಜ ಆಯ್ಕೆ. ಅಡಾಪ್ಟರ್ ಹಾಕಿ ಗೂಸ್‌ನೆಕ್‌ಗೆ ಜೋಡಿಸಬಹುದು. ಆದರೆ ಉದ್ದನೆಯ ಅಡಾಪ್ಟರ್ ಸನ್ನೆಗೋಲಿನಂತೆ ವರ್ತಿಸಿ ಟ್ರೇಲರ್‌ನ ಚೌಕಟ್ಟಿನ ಮೇಲೆ ಹೆಚ್ಚಿನ ಒತ್ತಡ ಹೇರುತ್ತದೆ. ಆದ್ದರಿಂದ ತಯಾರಕರ ಒಪ್ಪಿಗೆ ಇದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಯಾವ ಕೊಂಡಿಯಾದರೂ ಟ್ರೇಲರ್ ತೂಕದ ಸುಮಾರು ಶೇ. 15ರಿಂದ 25ರಷ್ಟು ಟ್ರಕ್ಕಿನ ಮೇಲೆಯೇ ಬೀಳುತ್ತದೆ; ಅಷ್ಟನ್ನು ಹೊರುವ ಟ್ರಕ್ಕೇ ಬೇಕು.