ಬೆಲೆಯನ್ನಳೆಯುವ ಕೋಲು ಸರಿಯಾಗಿದೆಯೆ?

ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗೆ ನಾವು ಹೇಳಿಕೊಡುವ ಮೊದಲನೆಯ ಪಾಠ ತಂತಿಯ ದಪ್ಪವನ್ನು ಅಳೆಯುವುದಲ್ಲ. ನಡುವೆ ಏನನ್ನೂ ಇಡದೆ ಉಪಕರಣದ ಎರಡು ತುದಿಗಳನ್ನು ಕೂಡಿಸಿ, ಸೊನ್ನೆಯು ಸೊನ್ನೆಗೆ ಹೊಂದುವುದೇ ಇಲ್ಲವೇ ಎಂದು ನೋಡುವುದು ಆ ಪಾಠ. ಹೊಂದದಿದ್ದರೆ ಆ ಅಂತರಕ್ಕೆ ಸೊನ್ನೆದೋಷವೆಂದು ಹೆಸರು. ಅದನ್ನು ಕಳೆಯದೆ ಎಷ್ಟು ಸಲ ಅಳೆದರೂ ಫಲವಿಲ್ಲ; ತಪ್ಪು ಪ್ರತಿ ಸಲವೂ ಒಂದೇ ದಿಕ್ಕಿಗೆ ಬೀಳುತ್ತದೆ. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾಗಿ ಬಹುಕಾಲ ಲೇತುಗಳನ್ನು ತಯಾರಿಸಿ, ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಂಥ ಕಡೆಗಳಲ್ಲಿ ದುಡಿದವರಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ದಾವಣಗೆರೆಯ ನಮ್ಮ ತರಗತಿಯಲ್ಲಿ ಒಮ್ಮೆ ಈ ಪಾಠ ನಡೆಯುತ್ತಿದ್ದಾಗ, ಹರಿಹರದಿಂದ ದಿನವೂ ಬಸ್ಸಿನಲ್ಲಿ ಬರುವ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸಾರ್, ಬೆಲೆಯೇರಿಕೆ ಇಷ್ಟು ಶೇಕಡ ಎಂದು ಪ್ರತಿ ತಿಂಗಳೂ ಪತ್ರಿಕೆಯಲ್ಲಿ ಬರುತ್ತದಲ್ಲ, ಅದನ್ನು ಅಳೆಯುವ ಉಪಕರಣದ ಸೊನ್ನೆದೋಷವನ್ನು ನೋಡುವವರು ಯಾರು? ನಮ್ಮಜ್ಜಿ ಅದನ್ನು ಶುದ್ಧ ಸುಳ್ಳು ಅಂತಾರೆ.” ತರಗತಿ ನಕ್ಕಿತು. ನಗುವಂಥ ಪ್ರಶ್ನೆಯೇನೂ ಅದಲ್ಲ. ಅಂದು ನಾನು ಅರ್ಧಂಬರ್ಧ ಉತ್ತರ ಕೊಟ್ಟೆ, ಉಳಿದರ್ಧ ಇಲ್ಲಿದೆ.

ಬೆಲೆ ಸೂಚ್ಯಂಕವೆಂದರೆ ಒಂದು ಕಾಲ್ಪನಿಕ ಬುಟ್ಟಿಯ ಬೆಲೆ. ಸಾವಿರಾರು ಕುಟುಂಬಗಳ ಖರ್ಚನ್ನು ವಿಚಾರಿಸಿ, ಸರಾಸರಿ ಕುಟುಂಬವೊಂದು ನೂರು ರೂಪಾಯಿಯಲ್ಲಿ ಯಾವುದಕ್ಕೆ ಎಷ್ಟು ವೆಚ್ಚಮಾಡುತ್ತದೆ ಎಂಬುದನ್ನು ಮೊದಲು ಗೊತ್ತುಮಾಡುತ್ತಾರೆ. ಈ ಪಾಲುಗಳಿಗೆ ತೂಕಗಳೆಂದು ಹೆಸರು. ಆಮೇಲೆ ಬೆಲೆ ಗುರುತಿಸುವವರು ಗೊತ್ತಾದ ಅಂಗಡಿಗಳಿಗೆ ಹೋಗಿ, ಅದೇ ವಸ್ತುವಿನ ಅದೇ ದರ್ಜೆಯ ಬೆಲೆಯನ್ನು ಮತ್ತೆ ಮತ್ತೆ ಬರೆದುಕೊಳ್ಳುತ್ತಾರೆ. ಆಹಾರಕ್ಕೆ 50, ಮನೆಬಾಡಿಗೆಗೆ 25, ಉಳಿದುದಕ್ಕೆ 25 ಎಂದು ತೂಕಗಳನ್ನು ಇಟ್ಟುಕೊಳ್ಳೋಣ. ಆಹಾರ ಶೇಕಡ 10 ಏರಿತು, ಬಾಡಿಗೆ ಏರಲಿಲ್ಲ, ಉಳಿದುದು ಶೇಕಡ 4 ಏರಿತು. ಹಾಗಾದರೆ ಏರಿಕೆ 5, ಸೊನ್ನೆ, 1, ಒಟ್ಟು 6. ಸೂಚ್ಯಂಕ 106.

ಈಗ ಅಜ್ಜಿಯ ಬುಟ್ಟಿಯನ್ನು ನೋಡಿ. ಅವರದು ಸ್ವಂತ ಮನೆ, ಬಾಡಿಗೆಯಿಲ್ಲ. ನೂರರಲ್ಲಿ 75 ಆಹಾರಕ್ಕೇ ಹೋಗುತ್ತದೆ, 25 ಉಳಿದುದಕ್ಕೆ. ಏರಿಕೆ ಏಳೂವರೆ ಮತ್ತು ಒಂದು, ಅಂದರೆ ಎಂಟೂವರೆ. ಸರ್ಕಾರ ಆರು ಎಂದಿತು, ಅಜ್ಜಿಗೆ ಎಂಟೂವರೆ ತಗುಲಿತು, ಇಬ್ಬರೂ ಸುಳ್ಳಾಡಲಿಲ್ಲ. ಆದುದರಿಂದ ಅಂಕಿಅಂಶದ ಕಛೇರಿಗೆ ಬರುವ ದೂರುಗಳಲ್ಲಿ ಎರಡು ಜಾತಿಗಳಿವೆ. ಓದಿಕೆಯೇ ತನಗೆ ಒಪ್ಪಿಗೆಯಿಲ್ಲ ಎಂಬುದು ಒಂದು. ಉಪಕರಣದಲ್ಲಿಯೇ ದೋಷವಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮಣಿದು ಅಂಕಿಯನ್ನು ಬದಲಿಸಿದ ಕಛೇರಿಯನ್ನು ಮರುದಿನದಿಂದ ಯಾರೂ ನಂಬಲಾರರು. ಎರಡನೆಯದಕ್ಕೆ ಕಿವಿಗೊಡದ ಕಛೇರಿಯನ್ನು ನಂಬುವುದೂ ಕಷ್ಟವೇ. ತೊಡಕೆಂದರೆ, ಎರಡು ಬಗೆಯ ದೂರುಗಳೂ ಒಂದೇ ಸಿಟ್ಟಿನ ದನಿಯಲ್ಲಿ ಬರುತ್ತವೆ.

ಸಿಟ್ಟಿಗೆ ಕಾರಣವೂ ಉಂಟು. ಕಾರ್ಖಾನೆಯ ಕೆಲಸಗಾರನ ತುಟ್ಟಿಭತ್ಯೆ ಸೂಚ್ಯಂಕಕ್ಕೆ ಕಟ್ಟಿಹಾಕಲ್ಪಟ್ಟಿರುತ್ತದೆ. ಹತ್ತಿಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರೆಂದು ಕರೆಸಿಕೊಂಡ ದಾವಣಗೆರೆಯಲ್ಲಿ ಗಿರಣಿಯವರ ಮನೆಯಲ್ಲಿ ಬೆಳೆದವರಿಗೆ ‘ಡಿ.ಎ. ಎಷ್ಟು ಏರಿತು’ ಎಂಬುದು ಹಬ್ಬದಷ್ಟೇ ಪರಿಚಿತವಾದ ಮಾತು. ಪತ್ರಿಕೆಗಳಲ್ಲಿ ಬೆಲೆಯೇರಿಕೆಯೆಂದು ಬರುವ ಶೇಕಡವನ್ನು ಲೆಕ್ಕಹಾಕುವುದು ಕೇಂದ್ರದ ಅಂಕಿಅಂಶ ಮಂತ್ರಾಲಯ. ತುಟ್ಟಿಭತ್ಯೆಗೆ ಆಧಾರವಾದ ಕೈಗಾರಿಕಾ ಕೆಲಸಗಾರರ ಸೂಚ್ಯಂಕವನ್ನು ಸಿದ್ಧಪಡಿಸುವುದು ಲೇಬರ್ ಬ್ಯೂರೋ. ಎರಡರ ಬುಟ್ಟಿಗಳೂ ಬೇರೆ.

ಉಪಕರಣದ ದೋಷವನ್ನು ಅಳೆಯಿಸಿಕೊಂಡವರೇ ಕಂಡುಹಿಡಿದ ಪ್ರಸಿದ್ಧ ಪ್ರಸಂಗ ನಮ್ಮ ಗಿರಣಿಗಳಿಗೆ ಹಿರಿಯಣ್ಣನಂತಿದ್ದ ಮುಂಬಯಿಯಲ್ಲಿ ನಡೆಯಿತು. ಅಲ್ಲಿನ ಗಿರಣಿ ಕೆಲಸಗಾರರ ತುಟ್ಟಿಭತ್ಯೆ 1933-34ನ್ನು ಆಧಾರವರ್ಷವಾಗಿಟ್ಟುಕೊಂಡ ಸೂಚ್ಯಂಕವನ್ನು ಅನುಸರಿಸುತ್ತಿತ್ತು. ಮೂವತ್ತು ವರ್ಷಗಳಲ್ಲಿ ಜನರ ಊಟ ಉಡುಗೆಗಳು ಬದಲಾಗುತ್ತವೆ. ಬುಟ್ಟಿಯಲ್ಲಿದ್ದ ಬಟ್ಟೆಯ ನಮೂನೆ ಅಂಗಡಿಯಿಂದ ಮಾಯವಾಗುತ್ತದೆ. ಅದರ ಸ್ಥಾನದಲ್ಲಿ ಬೇರೊಂದನ್ನು ಇಡುವಾಗ ಗುಣದ ವ್ಯತ್ಯಾಸ ಎಷ್ಟು, ಬೆಲೆಯ ವ್ಯತ್ಯಾಸ ಎಷ್ಟು ಎಂದು ಬಿಡಿಸುವುದು ಊಹೆಯ ಕೆಲಸವಾಗುತ್ತದೆ. ಸೂಚ್ಯಂಕವು ನಿಜವಾದ ಏರಿಕೆಯನ್ನು ತೋರಿಸುತ್ತಿಲ್ಲವೆಂದು ಕಾರ್ಮಿಕ ಸಂಘಗಳು ಪಟ್ಟುಹಿಡಿದುವು. 1963ರಲ್ಲಿ ಮಹಾರಾಷ್ಟ್ರ ಸರ್ಕಾರ ಅರ್ಥಶಾಸ್ತ್ರಜ್ಞ ಡಿ. ಟಿ. ಲಕ್ಡಾವಾಲಾ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಸಮಿತಿಯು ಪರಿಶೀಲಿಸಿ, ದೂರಿನಲ್ಲಿ ಹುರುಳಿದೆಯೆಂದು ಕಂಡು, ತಿದ್ದುಪಡಿಯನ್ನು ಸೂಚಿಸಿತು. 1960ನ್ನು 100 ಎಂದಿಟ್ಟುಕೊಂಡ ಹೊಸ ಸೂಚ್ಯಂಕವನ್ನು ಹಳೆಯದಕ್ಕೆ ಪರಿವರ್ತಿಸಲು 4.44ರಿಂದ ಗುಣಿಸತಕ್ಕದ್ದೆಂದು ಗೊತ್ತಾಯಿತು.

ಈ ಗುಣಕವನ್ನು ಸ್ವಲ್ಪ ನಿಂತು ನೋಡಬೇಕು. ಇದಕ್ಕೆ ಜೋಡಣೆಯ ಗುಣಕವೆನ್ನಬಹುದು. ಅಂಗುಲವನ್ನು ಸೆಂಟಿಮೀಟರಿಗೆ ತರಲು 2.54ರಿಂದ ಗುಣಿಸುವಂತೆ, ಹೊಸ ಅಳತೆಗೋಲಿನ ಓದಿಕೆಯನ್ನು ಹಳೆಯ ಕೋಲಿನ ಭಾಷೆಗೆ ತರುವ ಸಂಖ್ಯೆ ಇದು. ಹಳೆಯ ಒಪ್ಪಂದಗಳೆಲ್ಲ ಹಳೆಯ ಕೋಲಿನ ಭಾಷೆಯಲ್ಲಿಯೇ ಬರೆಯಲ್ಪಟ್ಟಿರುವುದರಿಂದ ಇದಿಲ್ಲದೆ ಆಗದು. ಲೇಬರ್ ಬ್ಯೂರೋ 1982ರ ಶ್ರೇಣಿಯನ್ನು 1960ಕ್ಕೆ ಜೋಡಿಸಿದ್ದು 4.93ರಿಂದ, 2001ರ ಶ್ರೇಣಿಯನ್ನು 1982ಕ್ಕೆ 4.63ರಿಂದ, 2016ರ ಶ್ರೇಣಿಯನ್ನು 2001ಕ್ಕೆ 2.88ರಿಂದ. ಅಂಗುಲದ 2.54 ಎಲ್ಲರೂ ಕೂಡಿ ಒಪ್ಪಿಕೊಂಡ ವ್ಯಾಖ್ಯೆ, ಅದರಲ್ಲಿ ಜಗಳವಿಲ್ಲ. ಈ 2.88 ಮಾತ್ರ ಎರಡು ಶ್ರೇಣಿಗಳನ್ನೂ ಒಂದೇ ಅವಧಿಗೆ ಲೆಕ್ಕಹಾಕಿ, ಹೋಲಿಸಿ ಪಡೆದದ್ದು. ಅಳೆದು ಪಡೆದ ಸಂಖ್ಯೆಯಾದುದರಿಂದ ಅದರಲ್ಲಿ ದೋಷಕ್ಕೂ ಎಡೆಯುಂಟು.

ಆ ದೋಷದ ಬೆಲೆ ಎಷ್ಟು? ಹೊಸ ಸೂಚ್ಯಂಕ 140 ಎಂದುಕೊಳ್ಳಿ. 2.88ರಿಂದ ಗುಣಿಸಿದರೆ 403.2. ಗುಣಕವು 2.85 ಆಗಿದ್ದರೆ 399. ಅಂತರ 4.2 ಅಂಶ. ಒಂದು ಅಂಶಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂಬ ಒಪ್ಪಂದವನ್ನು ಊಹಿಸಿದರೆ, ಸಾವಿರ ಜನರಿರುವ ಕಾರ್ಖಾನೆಯೊಂದರಲ್ಲಿ ತಿಂಗಳಿಗೆ 12,600 ರೂಪಾಯಿ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುತ್ತದೆ. ದಶಮಾಂಶದ ಎರಡನೆಯ ಸ್ಥಾನವನ್ನು ‘ಇರಲಿ ಬಿಡಿ ಸಾರ್’ ಎನ್ನುವ ನನ್ನ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕೆಂದು ಕೋರಿಕೆ. ಅಖಿಲ ಭಾರತದ 1960ರ ಶ್ರೇಣಿಯ ಮೇಲೂ ಕಾರ್ಮಿಕ ಸಂಘಗಳ ಆಕ್ಷೇಪಣೆಗಳು ಬಂದು, ಪ್ರೊಫೆಸರ್ ನೀಲಕಂಠ ರಥ ಅವರ ಸಮಿತಿ 1978ರಲ್ಲಿ ಇಡೀ ವಿಷಯವನ್ನು ಮತ್ತೆ ಶೋಧಿಸಬೇಕಾಯಿತು.

ಬುಟ್ಟಿಯನ್ನು ಬದಲಿಸಿದಾಗಲೂ ತಕರಾರು ತಪ್ಪುವುದಿಲ್ಲ. 2020ರ ಅಕ್ಟೋಬರಿನಲ್ಲಿ ಹೊರಬಂದ 2016ರ ಶ್ರೇಣಿಯಲ್ಲಿ ಕೇಂದ್ರಗಳು 78ರಿಂದ 88ಕ್ಕೂ, ವಸ್ತುಗಳು 392ರಿಂದ 463ಕ್ಕೂ ಏರಿದುವು. ಆದರೆ ಆಹಾರದ ತೂಕ 46.20ರಿಂದ 39.17ಕ್ಕೆ ಇಳಿಯಿತು. ಆಹಾರವೊಂದೇ ಶೇಕಡ 10 ಏರಿದರೆ ಹಳೆಯ ಕೋಲು 4.62 ಎನ್ನುತ್ತಿತ್ತು, ಹೊಸದು 3.92 ಎನ್ನುತ್ತದೆ. ಇದರಲ್ಲಿ ಮೋಸವಿಲ್ಲ, ಆದಾಯ ಹೆಚ್ಚಿದಂತೆ ಅದರಲ್ಲಿ ಊಟದ ಪಾಲು ಕುಗ್ಗುವುದೆಂದು ಜರ್ಮನಿಯ ಎಂಗೆಲ್ ಎಂಬ ಸಂಖ್ಯಾಶಾಸ್ತ್ರಜ್ಞ 1857ರಲ್ಲಿಯೇ ತೋರಿಸಿದ್ದಾನೆ. ಆದರೂ ಮೆಣಸಿನಕಾಯಿ, ಈರುಳ್ಳಿಗಳು ತುಟ್ಟಿಯಾದ ತಿಂಗಳಲ್ಲಿ ಈ ಸಮಾಧಾನ ಯಾರ ಹೊಟ್ಟೆಯನ್ನೂ ತುಂಬದು.

ಎಲ್ಲಕ್ಕಿಂತ ಸ್ವಾರಸ್ಯವಾದ ತೊಡಕು ನಮ್ಮ ನ್ಯಾಯಬೆಲೆ ಅಂಗಡಿಯಿಂದ ಹುಟ್ಟಿದ್ದು. ಕರ್ನಾಟಕದಲ್ಲಿ 2013ರಲ್ಲಿ ಕಿಲೋಗೆ ಒಂದು ರೂಪಾಯಿಯಂತೆ ಆರಂಭವಾದ ಅನ್ನಭಾಗ್ಯದ ಅಕ್ಕಿ 2015ರಲ್ಲಿ ಉಚಿತವಾಯಿತು. 2023ರ ಜನವರಿಯಿಂದ ಇಡೀ ದೇಶದಲ್ಲಿಯೇ ಆಹಾರ ಭದ್ರತಾ ಕಾನೂನಿನ ಪಡಿತರ ಧಾನ್ಯ ಉಚಿತವಾಯಿತು. ಬೆಲೆ ಸೊನ್ನೆ! ಒಂದೇ ವಸ್ತುವಿಗೆ ಹಲವು ಅಂಗಡಿಗಳಲ್ಲಿ ದೊರೆತ ಬೆಲೆಗಳ ಗುಣೋತ್ತರ ಸರಾಸರಿಯನ್ನು ತೆಗೆಯುವುದು ವಾಡಿಕೆ. ಅಂದರೆ ಅವುಗಳನ್ನು ಪರಸ್ಪರ ಗುಣಿಸಿ ಮೂಲವನ್ನು ಕಂಡುಹಿಡಿಯುವುದು. ಅವುಗಳಲ್ಲಿ ಒಂದು ಸೊನ್ನೆಯಾದರೆ ಗುಣಲಬ್ಧವೇ ಸೊನ್ನೆ. ಉಳಿದ ಅಂಗಡಿಗಳಲ್ಲಿ ಅಕ್ಕಿ ಎಷ್ಟೇ ಏರಿದರೂ ಸೂತ್ರದ ದೃಷ್ಟಿಯಲ್ಲಿ ಅಕ್ಕಿಗೆ ಬೆಲೆಯೇ ಇಲ್ಲ. ಸಾಲದುದಕ್ಕೆ, 2023ರ ಜುಲೈಯಿಂದ 2025ರ ಆರಂಭದವರೆಗೆ ನಮ್ಮ ರಾಜ್ಯದಲ್ಲಿ ಹೆಚ್ಚುವರಿ ಐದು ಕಿಲೋ ಅಕ್ಕಿಗೆ ಬದಲಾಗಿ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಹಣವನ್ನೇ ಕೊಡಲಾಯಿತು. ಉಚಿತ ಅಕ್ಕಿ ಮನೆಯ ಖರ್ಚಿನ ಲೆಕ್ಕಕ್ಕೆ ಬಾರದು. ಆ ಹಣದಿಂದ ಪೇಟೆಯಲ್ಲಿ ಕೊಂಡ ಅಕ್ಕಿ ಬರುತ್ತದೆ. ತಟ್ಟೆಯ ಮೇಲಿನ ಅನ್ನ ಮಾತ್ರ ಅದೇ.

ಇಂಥ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ. ಕೊಳ್ಳುವವನು ತೆತ್ತದ್ದನ್ನು ಮಾತ್ರ ಸೂಚ್ಯಂಕ ಅಳೆಯತಕ್ಕದ್ದು, ಉಚಿತವಾದದ್ದು ಬುಟ್ಟಿಯ ಹೊರಗಿರಲಿ ಎಂಬುದೊಂದು ಪಕ್ಷ. ಮನೆಯ ವೆಚ್ಚ ನಿಜವಾಗಿ ಇಳಿದಿರುವಾಗ ಕೋಲು ಅದನ್ನು ತೋರಿಸದಿದ್ದರೆ ಹೇಗೆ ಎಂಬುದು ಇನ್ನೊಂದು. 2024ನ್ನು ಆಧಾರವರ್ಷವಾಗಿಟ್ಟುಕೊಂಡ ಹೊಸ ಶ್ರೇಣಿಯ ಸಿದ್ಧತೆಯ ಕಾಲದಲ್ಲಿ ಮಂತ್ರಾಲಯವು ಈ ವಿಷಯವಾಗಿಯೇ ಚರ್ಚಾಪತ್ರವನ್ನು ಪ್ರಕಟಿಸಿ, ಬಳಸುವವರೆಲ್ಲರ ಅಭಿಪ್ರಾಯವನ್ನು ಕೇಳಿತು. ಸೂತ್ರವನ್ನು ಗೊತ್ತುಮಾಡುವ ಮುಂಚೆಯೇ ಕೇಳಿದ್ದು ನನಗೆ ಮೆಚ್ಚಿಗೆಯಾಯಿತು. ಅಂಕಿ ಹೊರಬಿದ್ದ ಮೇಲೆ ಕೇಳಿದ್ದರೆ ಪ್ರತಿಯೊಬ್ಬನೂ ತನಗೆ ಲಾಭವಾಗುವ ಸೂತ್ರವನ್ನೇ ಮೆಚ್ಚುತ್ತಿದ್ದ. ಕುಟುಂಬಗಳ ವೆಚ್ಚದ ಸಮೀಕ್ಷೆಯಲ್ಲಿ ಇದೇ ತೊಡಕು ಬಂದಾಗ ಹಿಡಿದ ದಾರಿ ಬೇರೆ. 2022-23ರ ಸಮೀಕ್ಷೆಯಲ್ಲಿ ಎರಡೂ ಅಂಕಿಗಳನ್ನು ಅಕ್ಕಪಕ್ಕದಲ್ಲಿ ಅಚ್ಚುಮಾಡಿದರು: ಹಳ್ಳಿಗಳಲ್ಲಿ ತಲೆಗೆ ತಿಂಗಳಿಗೆ ಸರಾಸರಿ ವೆಚ್ಚ 3,773 ರೂಪಾಯಿ, ಉಚಿತ ವಸ್ತುಗಳಿಗೆ ಬೆಲೆಕಟ್ಟಿ ಸೇರಿಸಿದರೆ 3,860. ಬೇಕಾದವರು ಬೇಕಾದುದನ್ನು ಆರಿಸಿಕೊಳ್ಳಲಿ ಎಂದರ್ಥ. ಸೂಚ್ಯಂಕದಲ್ಲಿ ಹೀಗೆ ಮಾಡಲಾಗದು. ತುಟ್ಟಿಭತ್ಯೆಗೆ ಒಂದೇ ಸಂಖ್ಯೆ ಬೇಕು.

ಕೆಲವು ಸೌಕರ್ಯಗಳನ್ನಾದರೋ ಬೇಗನೆ ಒದಗಿಸಬಹುದು. ಬೆಲೆಯೇರಿಕೆಯ ಅಂಕಿಯನ್ನು ಸಂಜೆ ಐದೂವರೆಗೆ ಪ್ರಕಟಿಸುತ್ತಿದ್ದುದನ್ನು 2024ರ ನವೆಂಬರಿನಿಂದ ನಾಲ್ಕು ಗಂಟೆಗೆ ತಂದರು. ಅಂದೇ ಅದನ್ನು ಓದಿ ಬಳಸಬೇಕಾದವರಿಗೆ ಹೆಚ್ಚು ಸಮಯ ದೊರೆಯಿತು. ಗಡಿಯಾರವನ್ನು ತಿರುಗಿಸಲು ಒಂದು ಆಜ್ಞೆ ಸಾಕು. ಬುಟ್ಟಿಯನ್ನು ತಿರುಗಿಸಲು ಮೊದಲು ಸಮೀಕ್ಷೆ ನಡೆಯಬೇಕು, ಆಮೇಲೆ ತೂಕಗಳ ಲೆಕ್ಕವಾಗಬೇಕು, ಹಳೆಯದಕ್ಕೂ ಹೊಸದಕ್ಕೂ ಜೋಡಣೆಯಾಗಬೇಕು, ವರ್ಷಗಳೇ ಹಿಡಿಯುತ್ತವೆ.

ಇಷ್ಟನ್ನು ಆ ಹುಡುಗನಿಗೆ ಹೇಳಿ ಮುಗಿಸಿದೆನೆಂದುಕೊಂಡೆ. ಅವನು ಸ್ವಲ್ಪ ಹೊತ್ತು ಯೋಚಿಸಿ, “ಸಾರ್, ನಾನೂ ನಮ್ಮಕ್ಕನೂ ದಿನಾ ಒಂದೇ ಸರ್ಕಾರಿ ಬಸ್ಸಿನಲ್ಲಿ ಹರಿಹರದಿಂದ ಬರುತ್ತೇವೆ. 2023ರ ಜೂನಿನಿಂದ ಅವಳಿಗೆ ಟಿಕೆಟ್ಟು ಸೊನ್ನೆ ರೂಪಾಯಿ, ನನಗೆ ಪೂರ್ತಿ ಚಾರ್ಜು. ಬಸ್ ಚಾರ್ಜು ಎಷ್ಟು ಎಂದು ಕೇಳಲು ಬಂದವರು ಏನೆಂದು ಬರೆದುಕೊಳ್ಳಬೇಕು?” ಎಂದ. ಈ ಸಲ ತರಗತಿ ನಗಲಿಲ್ಲ. ಅದನ್ನೇ ಒಂದು ಹಾಳೆಯ ಮೇಲೆ ಬರೆದು ದೆಹಲಿಯ ಮಂತ್ರಾಲಯಕ್ಕೆ ಕಳುಹಿಸೆಂದು ಹೇಳಿ, ಸ್ಕ್ರೂಗೇಜನ್ನು ಅವನ ಕೈಗೆ ಕೊಟ್ಟೆ.